ಕಂಪ್ಯೂಟರಿಗೆ ಹೇಳಿಕೊಟ್ಟ 'ಆಗಿದ್ದರೆ'

'ಮಳೆ ಬಂದರೆ ಕೊಡೆ ಹಿಡಿದುಕೊಂಡು ಹೋಗು.' ಈ ವಾಕ್ಯದ 'ಬಂದರೆ' ಎಂಬುದನ್ನೇ ಐಟಿ ಪಾಠದಲ್ಲಿ ನಾವು 'ಇಫ್' ಎಂದು ಕಲಿಸುತ್ತೇವೆ. ನೂರಾರು ಸರ್ವರುಗಳನ್ನು ಒಟ್ಟಿಗೆ ನೋಡಿಕೊಳ್ಳುವವರ ಕೈಯಲ್ಲಿ ಅದು ಪಟ್ಟ ಪಾಡು ಬೇರೆಯೇ ಇದೆ.

1990ರ ದಶಕದ ಆರಂಭ. ನಾರ್ವೆಯ ಓಸ್ಲೋ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಬರ್ಜೆಸ್ ಎಂಬ ಭೌತವಿಜ್ಞಾನಿ ತಮ್ಮ ವಿಭಾಗದ ಯುನಿಕ್ಸ್ ಯಂತ್ರಗಳನ್ನೂ ನೋಡಿಕೊಳ್ಳುತ್ತಿದ್ದರು. ಹೆಸರಿಗೆ ಎಲ್ಲವೂ ಯುನಿಕ್ಸ್. ಆದರೆ ಸನ್ ಕಂಪೆನಿಯದ್ದು ಒಂದು ಬಗೆ, ಎಚ್‌ಪಿಯದ್ದು ಇನ್ನೊಂದು. ಆಜ್ಞೆಗಳೂ ಬೇರೆ, ಕಡತಗಳಿರುವ ಜಾಗವೂ ಬೇರೆ. ಆದ್ದರಿಂದ ಶೆಲ್ ಸ್ಕ್ರಿಪ್ಟಿನ ತುಂಬ 'ಇದು ಸನ್ ಆಗಿದ್ದರೆ ಹೀಗೆ, ಎಚ್‌ಪಿ ಆಗಿದ್ದರೆ ಹಾಗೆ'. ಮಾಡಬೇಕಾದ ಕೆಲಸ ಯಾವುದೆಂದು ಆ ಕಾಡಿನಲ್ಲಿ ಹುಡುಕಬೇಕು!

1993ರಲ್ಲಿ ಬರ್ಜೆಸ್ ಹೊರತಂದ ಸಿಎಫ್‌ಎಂಜಿನ್ ಆ 'ಇಫ್'ಗಳನ್ನೇ ಬದಿಗಿಟ್ಟಿತು. ಯಂತ್ರವು ಮೊದಲು ತನ್ನನ್ನು ತಾನೇ ನೋಡಿಕೊಳ್ಳುತ್ತದೆ: ನಾನು ಲಿನಕ್ಸೋ, ಇಂದು ಸೋಮವಾರವೋ, ಗಂಟೆ ಎಷ್ಟು? ಹೀಗೆ ಸಿಕ್ಕ ಒಂದೊಂದು ಉತ್ತರವೂ ಒಂದು 'ಕ್ಲಾಸ್'. ಆ ಹೆಸರನ್ನು ತಲೆಬರಹವಾಗಿ ಬರೆದು, ಕೆಳಗೆ ಕೆಲಸ ಬರೆದರಾಯಿತು. ಎರಡು ಕ್ಲಾಸುಗಳ ನಡುವೆ ಚುಕ್ಕಿ ಇಟ್ಟರೆ 'ಎರಡೂ ಆಗಿದ್ದರೆ' ಎಂದರ್ಥ. ಶಾಲೆಯ ಸೂಚನಾ ಫಲಕವನ್ನು ನೆನಪಿಸಿಕೊಳ್ಳಿ. 'ಎಂಟನೇ ತರಗತಿಯವರಿಗೆ' ಎಂದು ಬರೆದಿದ್ದರೆ ಒಂಬತ್ತನೆಯವರು ಅದನ್ನು ಓದುವುದೇ ಇಲ್ಲ. ಈ ಇಡೀ ಕತೆಯಲ್ಲಿ ನಮಗೆ ಬಲು ಇಷ್ಟವಾದ ಯುಕ್ತಿ ಇದೇ.

ಮುಂದೆ 'ಇಫ್' ಮತ್ತೆ ಒಳಗೆ ಬಂತು. 2005ರಲ್ಲಿ ಲ್ಯೂಕ್ ಕೇನೀಸ್ ಅವರ ಪಪೆಟ್, 2009ರಲ್ಲಿ ಶೆಫ್, 2012ರಲ್ಲಿ ಮೈಕೆಲ್ ಡಿಹಾನ್ ಅವರ ಆನ್ಸಿಬಲ್. ಪಪೆಟ್‌ನಲ್ಲಿ 'ಫ್ಯಾಕ್ಟರ್' ಎಂಬ ಸಹಾಯಕ ಯಂತ್ರದ ವಿವರ ಕಲೆಹಾಕುತ್ತದೆ, ಅದನ್ನು ನೋಡಿ 'ಇಫ್', 'ಕೇಸ್' ನಿರ್ಧರಿಸುತ್ತವೆ. ಆನ್ಸಿಬಲ್‌ನಲ್ಲಿ ಸಾಮಾನ್ಯವಾಗಿ ಕೆಲಸವನ್ನು ಮೊದಲು ಬರೆದು, 'ವೆನ್' ಎಂಬ ಶರತ್ತನ್ನು ಕೊನೆಗೆ ಸೇರಿಸುತ್ತಾರೆ. 'ಕೊಡೆ ಹಿಡಿ, ಮಳೆ ಬಂದರೆ' ಎಂದ ಹಾಗೆ! ಕನ್ನಡ ಮಾತಾಡುವವರಿಗೆ ಸ್ವಲ್ಪ ತಿರುಗುಮುರುಗು.

ಇದೆಲ್ಲ ಗಡಿಯಾಚೆಯ ಕನ್ನಡ ಶಾಲೆಯವರಿಗೆ ಯಾಕೆ? ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯೇ ಶಾಲೆಗಳಿಗೆ ಗ್ನು/ಲಿನಕ್ಸ್ ತಂದದ್ದು. 2017ರಿಂದ ಅದು 'ಕೈಟ್' ಎಂಬ ಸಂಸ್ಥೆಯಾಗಿದೆ. ಇಂಥ ಸಾವಿರಾರು ಶಾಲೆಗಳ ಯಂತ್ರಗಳನ್ನು ಒಂದೇ ಕಡತದಿಂದ ಸಜ್ಜುಗೊಳಿಸುತ್ತಾರೆ ಎಂದಿಟ್ಟುಕೊಳ್ಳೋಣ. ಮಲಯಾಳಂ ಕೀಲಿಮಣೆ ಎಲ್ಲರಿಗೂ ಹೋಗುತ್ತದೆ. 'ಕನ್ನಡ ಮಾಧ್ಯಮ ಆಗಿದ್ದರೆ' ಎಂಬ ಸಾಲನ್ನು ಮಾತ್ರ ಯಾರಾದರೂ ನೆನಪಿಟ್ಟು ಬರೆಯಬೇಕು. ಬರೆಯದಿದ್ದರೆ ಯಂತ್ರ ತಪ್ಪು ತೋರಿಸುವುದಿಲ್ಲ, ಕೆಲಸ ಸರಿಯಾಗಿ ಮುಗಿಯಿತು ಎಂದೇ ವರದಿ ಕೊಡುತ್ತದೆ.

ಯಾವ ಶರತ್ತಿಗೂ ಸೇರದವರ ಪಾಲಿಗೆ ಉಳಿಯುವುದು 'ಡಿಫಾಲ್ಟ್'. ಪ್ರತಿಯೊಂದು 'ಕೇಸ್'ಗೂ ಡಿಫಾಲ್ಟ್ ಬರೆಯಲೇಬೇಕೆಂದು ಪಪೆಟ್‌ನ ಶೈಲಿ ಕೈಪಿಡಿ ಹೇಳುತ್ತದೆ. ಅಲ್ಲಿ ಏನು ಬರೆಯಬೇಕು ಎಂಬುದನ್ನು ಬರೆಯುವವರೇ ತೀರ್ಮಾನಿಸಬೇಕು.