ಮಲಮಗನ ವಂಶವೂ ಪೌರತ್ವವೂ

ತುಮಕೂರಿನ ಶೆಟ್ಟಿಹಳ್ಳಿಯ ಗೃಹಸ್ಥನೊಬ್ಬನು ಉದ್ಯೋಗಾರ್ಥವಾಗಿ ಪರದೇಶಕ್ಕೆ ಹೋಗಿ, ಅಲ್ಲಿಯ ವಿಧವೆಯೊಬ್ಬಳನ್ನು ಮದುವೆಯಾದನೆಂದು ಭಾವಿಸೋಣ. ಆಕೆಗೆ ಮೊದಲಿನ ಗಂಡನಿಂದ ಐದು ವರ್ಷದ ಮಗನಿರುವನು. ಕಾಲಕ್ರಮದಲ್ಲಿ ಎರಡನೆಯವನೂ ಹುಟ್ಟುವನು. ಇಬ್ಬರೂ ಒಂದೇ ಪಂಕ್ತಿಯಲ್ಲಿ ಉಣ್ಣುವರು, ಒಬ್ಬನನ್ನೇ ಅಪ್ಪನೆಂದು ಕರೆಯುವರು. ಆದರೆ ಕಿರಿಯನು ವಂಶದ ಬಲದಿಂದ ಭಾರತದ ಪೌರನಾಗಬಲ್ಲನು, ಹಿರಿಯನು ಆಗಲಾರನು. ಈ ಭೇದವು ಈಚಿನ ಶಾಸನಗಳಿಂದಲೇ ಹುಟ್ಟಿದುದೋ, ನಮ್ಮ ಪೂರ್ವಿಕರ ವ್ಯವಹಾರದಲ್ಲಿಯೂ ಬೇರೂರಿದ್ದುದೋ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಧರ್ಮಶಾಸ್ತ್ರಕಾರರು ಪುತ್ರರಲ್ಲಿ ಹನ್ನೆರಡು ಬಗೆಯನ್ನು ಎಣಿಸಿರುವರು. ಅವರಲ್ಲಿ ಔರಸನೂ ದತ್ತಕನೂ ಎಲ್ಲರಿಗೂ ಪರಿಚಿತರು. ನಮ್ಮ ವಿಷಯಕ್ಕೆ ಮುಖ್ಯರಾದವರು ಬೇರೆ ಇಬ್ಬರು: ಕನ್ಯೆಯಲ್ಲಿ ಹುಟ್ಟಿದ ಕಾನೀನ, ಮದುವೆಯ ಕಾಲಕ್ಕೆ ವಧುವಿನ ಗರ್ಭದಲ್ಲಿದ್ದ ಸಹೋಢ. ಈ ಇಬ್ಬರೂ ತಾಯಿಯ ಕೈಹಿಡಿದವನಿಗೆ ಸೇರುವರೆಂಬುದು ಮನುವಿನ ಮತ. ಯಾಜ್ಞವಲ್ಕ್ಯನು ಕಾನೀನನನ್ನು ತಾಯಿಯ ತಂದೆಗೆ ಸೇರಿಸಿದನು. ಚಾಲುಕ್ಯ ವಿಕ್ರಮಾದಿತ್ಯನು (1076–1126) ಆಳುತ್ತಿದ್ದಾಗ ಕಲ್ಯಾಣದಲ್ಲಿದ್ದು ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಈ ಎರಡು ಮತಗಳನ್ನೂ ಹೊಂದಿಸಿ, ತಾಯಿ ಅವಿವಾಹಿತೆಯಾಗಿ ತವರಿನಲ್ಲಿದ್ದರೆ ಮಗನು ಮಾತಾಮಹನವನು, ವಿವಾಹಿತೆಯಾದರೆ ಪತಿಯವನು ಎಂದು ನಿರ್ಣಯಿಸಿದನು. ಆದರೆ ಮೊದಲಿನ ಗಂಡನಿಗೆ ಹುಟ್ಟಿ, ತಾಯಿಯ ಕೈಹಿಡಿದು ಎರಡನೆಯ ಮನೆಗೆ ಬಂದ ಬಾಲಕನಿಗೆ ಈ ಹನ್ನೆರಡರಲ್ಲಿ ಹೊಸ ಮನೆಯ ಪುತ್ರನೆಂಬ ಸ್ಥಾನವಿಲ್ಲ. ಅವನು ಮೃತನ ಔರಸನಾಗಿಯೇ ಉಳಿಯುವನು.

ಈ ಶಾಸ್ತ್ರವು ಕಾವ್ಯದಲ್ಲಿ ಎಂತಹ ಸಂಕಟವನ್ನು ತಂದೊಡ್ಡಿತೆಂಬುದನ್ನು ಸಾಹಿತ್ಯಾಧ್ಯಾಪಕರಿಗೆ ನೆನಪಿಸಬೇಕಾದುದಿಲ್ಲ. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಕೃಷ್ಣನು ಕರ್ಣನಿಗೆ ಹೇಳುವುದು ಕೇವಲ ಜನ್ಮರಹಸ್ಯವಲ್ಲ, ವ್ಯವಹಾರಶಾಸ್ತ್ರದ ಒಂದು ವಾದ: ಕಾನೀನನಿಗೂ ಸಹೋಢನಿಗೂ ತಾಯಿಯನ್ನು ವರಿಸಿದವನೇ ತಂದೆ, ಆದಕಾರಣ ನೀನು ಧರ್ಮತಃ ಪಾಂಡುಪುತ್ರನು. ಪಾಂಡುವಿಗೆ ಕರ್ಣನು ಲೋಕದ ಮಾತಿನಲ್ಲಿ ಮಲಮಗನೇ ಸರಿ. ಶಾಸ್ತ್ರವು ಬಾಗಿಲು ತೆರೆದಾಗ ಕರ್ಣನು ಒಳಗೆ ಬರಲೊಪ್ಪಲಿಲ್ಲ. ಸಾಕಿದ ಅಧಿರಥನನ್ನೂ ರಾಧೆಯನ್ನೂ ತಂದೆತಾಯಿಗಳೆಂದನು.

ಮುಂದೆ ಆ ಬಾಗಿಲೂ ಮುಚ್ಚಿತು. ಕಲಿಯುಗದಲ್ಲಿ ಔರಸ, ದತ್ತಕರ ಹೊರತು ಇತರರನ್ನು ಪುತ್ರರೆಂದು ಸ್ವೀಕರಿಸಕೂಡದೆಂಬ ಕಲಿವರ್ಜ್ಯವಿಧಿಯು ನಿಬಂಧಕಾರರಲ್ಲಿ ರೂಢವಾಯಿತು. ಆಂಗ್ಲರ ಕಾಲದ ನ್ಯಾಯಸ್ಥಾನಗಳೂ ಸಾಮಾನ್ಯವಾಗಿ ಇದನ್ನೇ ಅನುಸರಿಸಿದುವು. ಮೈಸೂರು ಸೀಮೆಯ ಅನೇಕ ಜಾತಿಗಳಲ್ಲಿ ಕೂಡಿಕೆ, ಉಡಿಕೆ ಎಂಬ ಹೆಸರಿನಿಂದ ವಿಧವೆಯರ ಮರುಮದುವೆ ನಡೆಯುತ್ತಿದ್ದಿತಾದರೂ, ಮೊದಲಿನ ಗಂಡನ ಆಸ್ತಿಯೂ ಮಕ್ಕಳೂ ಸಾಮಾನ್ಯವಾಗಿ ಅವನ ಕುಲಕ್ಕೇ ಉಳಿಯುತ್ತಿದ್ದುವು. ಇದಕ್ಕೆ ಹೊರತಾದುದು ತುಳುನಾಡಿನ ಅಳಿಯಸಂತಾನ. ಅಲ್ಲಿ ಮಕ್ಕಳು ತಾಯಿಯ ಕುಟುಂಬದವರಾದುದರಿಂದ, ಮೊದಲಿನ ಗಂಡನ ಮಗನಿಗೂ ಎರಡನೆಯವನ ಮಗನಿಗೂ ಕುಟುಂಬವು ಒಂದೇ. ಮಲಮಗನ ತೊಡಕು ತಂದೆಯಿಂದ ವಂಶವನ್ನೆಣಿಸುವಲ್ಲಿಯೇ ಮುಖ್ಯವಾಗಿ ತಲೆದೋರುವುದೆಂಬುದಕ್ಕೆ ಇದೇ ನಿದರ್ಶನ.

ಇನ್ನು ಪೌರತ್ವದ ಮಾತು. ಶೆಟ್ಟಿಹಳ್ಳಿ, ಗುಬ್ಬಿ, ಕುಣಿಗಲುಗಳ ಜನರು ಮೈಸೂರು ಮಹಾರಾಜರ ಪ್ರಜೆಗಳು. ಬ್ರಿಟಿಷರ ಕಾನೂನಿನಲ್ಲಿ ಅವರು ರಕ್ಷಿತರು ಮಾತ್ರ, ಬ್ರಿಟಿಷ್ ಪ್ರಜೆಗಳಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಇವರನ್ನು ಭಾರತದ ಪೌರರನ್ನಾಗಿ ಮಾಡಿತು. ಅದರ 5ನೆಯ ಅನುಚ್ಛೇದವು ಇಲ್ಲಿ ನೆಲೆಸಿದವರ ವಿಷಯದಲ್ಲಿ, ತಂದೆತಾಯಿಗಳಲ್ಲಿ ಯಾರೊಬ್ಬರು ಈ ನೆಲದಲ್ಲಿ ಹುಟ್ಟಿದ್ದರೂ ಸಾಕೆಂದಿತು. ಆದರೆ 1955ರ ಪೌರತ್ವ ಕಾಯಿದೆಯು ಪರದೇಶದಲ್ಲಿ ಹುಟ್ಟಿದ ಮಕ್ಕಳಿಗೆ ತಂದೆಯೊಬ್ಬನ ವಂಶವನ್ನೇ ಗಣಿಸಿತು. 1992ರ ತಿದ್ದುಪಡಿಯಿಂದ ತಾಯಿಗೂ ಆ ಅಧಿಕಾರ ಬಂದಿತು. 2004ರ ಡಿಸೆಂಬರ್ 3ರಿಂದ, ಒಂದು ವರ್ಷದೊಳಗೆ ರಾಯಭಾರ ಕಚೇರಿಯಲ್ಲಿ ಜನನವನ್ನು ನೋಂದಾಯಿಸತಕ್ಕದ್ದೆಂಬ ನಿಯಮವೂ ಸೇರಿತು. ಅವಧಿ ಮೀರಿದರೆ ಕೇಂದ್ರಸರ್ಕಾರದ ಅನುಮತಿ ಬೇಕು.

ಇಷ್ಟು ಮಾರ್ಪಾಟುಗಳಾದರೂ ಒಂದು ಅಂಶವು ಕದಲಲಿಲ್ಲ: ಮಗು ಹುಟ್ಟಿದ ಗಳಿಗೆಯಲ್ಲಿ ಜನಕನೋ ಜನನಿಯೋ ಪೌರರಾಗಿರಬೇಕು. ಮಲತಂದೆಯು ಬರುವುದು ಆ ಗಳಿಗೆಯು ಕಳೆದ ಮೇಲೆ. ಆದುದರಿಂದ ಅವನು ಎಷ್ಟು ವರ್ಷ ಸಾಕಿದರೂ ವಂಶವನ್ನು ಕೊಡಲಾರನು. ಅದೇ ಕಾಯಿದೆಯ 5ನೆಯ ಪ್ರಕರಣದಲ್ಲಿ, ವಿಶೇಷ ಸಂದರ್ಭವಿದೆಯೆಂದು ತೋರಿದರೆ ಯಾವ ಅಪ್ರಾಪ್ತವಯಸ್ಕನನ್ನಾದರೂ ನೋಂದಾಯಿಸಲು ಕೇಂದ್ರಸರ್ಕಾರಕ್ಕೆ ಅಧಿಕಾರವುಂಟು. ಇದು ಅನುಗ್ರಹವೇ ಹೊರತು ಹಕ್ಕಲ್ಲ.

ಮನುವಿನ ಕಾಲದ ಪ್ರಶ್ನೆ, ತಾಯಿಯ ಕೈಹಿಡಿದವನಾರೆಂಬುದು. ಇಂದಿನದು, ಹುಟ್ಟಿಗೆ ಕಾರಣರಾರೆಂಬುದು. ಸಾಕಿದವರಾರೆಂದು ಕೇಳಿದವನು ಕರ್ಣನೊಬ್ಬನೇ. ತಾಯಿಯ ವಿಷಯದಲ್ಲಿ 1955ರಲ್ಲಾದ ಲೋಪವನ್ನು ತಿದ್ದಲು 37 ವರ್ಷ ಹಿಡಿಯಿತು. ಒಂದೇ ಪಂಕ್ತಿಯಲ್ಲಿ ಉಣ್ಣುವ ಇಬ್ಬರು ಬಾಲಕರ ನಡುವೆ ಎಳೆದ ಗೆರೆಯನ್ನೂ ವಿದ್ವಾಂಸರು ವಿಮರ್ಶಿಸಬೇಕಾದ ಕಾಲವು ಬಂದಿರುವುದು.