ಸಂತೇಮರಹಳ್ಳಿ ಚುನಾವಣೆ, 2004

ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಮೀಸಲು ವಿಧಾನಸಭಾ ಕ್ಷೇತ್ರದಲ್ಲಿ ಒಂದೇ ಮತದಿಂದ ಇತ್ಯರ್ಥವಾದ ಚುನಾವಣೆ. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752, ಜಾತ್ಯತೀತ ಜನತಾದಳದ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತಗಳು ಬಂದವು. ಕೃಷ್ಣಮೂರ್ತಿ ಅವರು ಕೇರಳದ ರಾಜ್ಯಪಾಲರಾಗಿದ್ದ ಬಿ. ರಾಚಯ್ಯ ಅವರ ಮಗ.

ಚಾಲಕನ ಮತ

ಮತದಾನದ ದಿನ ಕೆಲಸದ ಮೇಲಿದ್ದ ಕೃಷ್ಣಮೂರ್ತಿಯವರ ಕಾರು ಚಾಲಕನಿಗೆ ಮತ ಹಾಕಲು ಬಿಡುವಾಗಲಿಲ್ಲವೆಂಬ ಮಾತು ಬಹಳ ಪ್ರಚಾರ ಪಡೆದಿದೆ. ಆ ಮತ ಬಿದ್ದಿದ್ದರೆ ಅವರು ಗೆದ್ದೇಬಿಡುತ್ತಿದ್ದರು ಎಂಬಂತೆ ಈ ಕಥೆಯನ್ನು ಹೇಳುವುದುಂಟು, ಅದು ಸರಿಯಲ್ಲ. ಆಗ ಇಬ್ಬರಿಗೂ 40,752 ಮತಗಳಾಗಿ ಸಮವಾಗುತ್ತಿತ್ತು, ಅಷ್ಟೇ. ಮತಗಳು ಸಮವಾದರೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 65ನೇ ಕಲಮಿನಂತೆ ಚುನಾವಣಾಧಿಕಾರಿ ಆ ಕೂಡಲೇ ಚೀಟಿ ಎತ್ತಬೇಕು. ಚೀಟಿ ಒಲಿದವರಿಗೆ ಒಂದು ಮತ ಹೆಚ್ಚಾಗಿ ಬಂದಿದೆ ಎಂದೇ ಕಾನೂನು ಭಾವಿಸುತ್ತದೆ. ಅಂದರೆ ಆ ಸಂದರ್ಭದಲ್ಲೂ ದಾಖಲೆಯಲ್ಲಿ ಉಳಿಯುತ್ತಿದ್ದ ಅಂತರ ಒಂದೇ.

ಅಂತರ ಇಷ್ಟು ಕಡಿಮೆಯಿದ್ದಾಗ ಮರುಎಣಿಕೆಯ ಪ್ರಶ್ನೆ ಏಳುತ್ತದೆ; ಅದಕ್ಕೆ 1961ರ ಚುನಾವಣಾ ನಿಯಮಗಳಲ್ಲಿ ಅವಕಾಶವಿದೆ. ಅಭ್ಯರ್ಥಿ ಲಿಖಿತವಾಗಿ, ಕಾರಣ ಕೊಟ್ಟು ಕೇಳಬೇಕು. ಆದರೆ ಮತಯಂತ್ರ ಬಂದ ಮೇಲೆ ಮರುಎಣಿಕೆಯ ಸ್ವರೂಪವೇ ಬದಲಾಯಿತು. ಯಂತ್ರದಲ್ಲಿ ದಾಖಲಾದ ಮತಕ್ಕೆ ಮತಪತ್ರದ ಹಾಗೆ ಸಿಂಧು, ಅಸಿಂಧು ಎಂಬ ತಕರಾರಿಲ್ಲ. ಅಧಿಕಾರಿಯ ವಿವೇಚನೆಗೆ ಉಳಿಯುವುದು ಮುಖ್ಯವಾಗಿ ಅಂಚೆ ಮತಗಳು: ಘೋಷಣಾಪತ್ರದಲ್ಲಿ ಸಹಿ ಇದೆಯೇ, ದೃಢೀಕರಣವಾಗಿದೆಯೇ, ಗುರುತು ಸ್ಪಷ್ಟವಾಗಿದೆಯೇ. ಇಂಥ ನಿಕಟ ಸ್ಪರ್ಧೆಯಲ್ಲಿ ಚಾಲಕನ ಕಥೆಗಿಂತ ಈ ಲಕೋಟೆಗಳೇ ಹೆಚ್ಚು ಗಮನಾರ್ಹವೆಂದು ತೋರುತ್ತದೆ.

ಮಹತ್ವ

2008ರಲ್ಲಿ ರಾಜಸ್ಥಾನದ ನಾಥದ್ವಾರ ವಿಧಾನಸಭಾ ಕ್ಷೇತ್ರದಲ್ಲೂ ಕಾಂಗ್ರೆಸ್ ಅಭ್ಯರ್ಥಿ ಸಿ.ಪಿ. ಜೋಶಿ ಒಂದು ಮತದಿಂದ ಸೋತರು. ಇಂಥ ಫಲಿತಾಂಶಗಳನ್ನು ಮೊದಲೇ ಹೇಳಲಾಗದು, ಅವುಗಳ ಮಹತ್ವವೂ ಅದರಲ್ಲೇ ಇದೆ. ನಿರಂಕುಶ ಆಡಳಿತಗಳೂ ಚುನಾವಣೆ ನಡೆಸುತ್ತವೆ. ಅಲ್ಲಿ ಇಲ್ಲದಿರುವುದು ಫಲಿತಾಂಶದ ಅನಿಶ್ಚಿತತೆ. ಸೋತವರು ಸೋಲೊಪ್ಪಿ ಮುಂದಿನ ಸರದಿಗೆ ಕಾಯುವುದನ್ನೇ ಪೋಲೆಂಡ್ ಮೂಲದ ರಾಜ್ಯಶಾಸ್ತ್ರಜ್ಞ ಆಡಂ ಷೆವೋರ್ಸ್ಕಿ ಪ್ರಜಾಪ್ರಭುತ್ವದ ಒರೆಗಲ್ಲಾಗಿ ಕಂಡರು. ಸಂತೇಮರಹಳ್ಳಿಯನ್ನು ಆ ದೃಷ್ಟಿಯಿಂದಲೂ ನೋಡಬೇಕು.

ಅನಂತರ

ಕ್ಷೇತ್ರ ಪುನರ್ವಿಂಗಡಣೆಯಿಂದಾಗಿ 2008ರ ಚುನಾವಣೆಯ ಹೊತ್ತಿಗೆ ಈ ಕ್ಷೇತ್ರವೇ ಇಲ್ಲವಾಗಿ ಸಂತೇಮರಹಳ್ಳಿ ಕೊಳ್ಳೇಗಾಲ ಕ್ಷೇತ್ರಕ್ಕೆ ಸೇರಿತು. ಧ್ರುವನಾರಾಯಣ ಅವರು ಚಾಮರಾಜನಗರ ಲೋಕಸಭಾ ಕ್ಷೇತ್ರದಿಂದ 2009 ಮತ್ತು 2014ರಲ್ಲಿ ಗೆದ್ದು, 2019ರಲ್ಲಿ ವಿ. ಶ್ರೀನಿವಾಸಪ್ರಸಾದ್ ಅವರೆದುರು 1,817 ಮತಗಳಿಂದ ಸೋತರು. 2023ರ ಮಾರ್ಚ್ 11ರಂದು ತೀರಿಕೊಂಡರು. ಎರಡು ತಿಂಗಳ ಬಳಿಕ ಕೃಷ್ಣಮೂರ್ತಿ ಅವರು ಕಾಂಗ್ರೆಸ್ ಅಭ್ಯರ್ಥಿಯಾಗಿ ಕೊಳ್ಳೇಗಾಲದಲ್ಲಿ 59,000ಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು.