ಕಿರ್ದಿಯ ಜಮೆಯೂ ಚರಿತ್ರಕಾರನ ಆದಾಯವೂ

ಶಿಕಾರಿಪುರ, ಸೊರಬ ಸೀಮೆಗಳ ಆರ್ಥಿಕ ಚರಿತ್ರೆಯನ್ನು ಅಭ್ಯಸಿಸುವವರಿಗೆ ಶಾಸನಗಳಲ್ಲದೆ ಮತ್ತೊಂದು ಬಗೆಯ ಆಕರವೂ ಉಂಟು; ಅದು ಲೆಕ್ಕದ ಬರಹ. ಈ ಸೀಮೆಗಳು ಕೆಳದಿಯ ಅರಸರ ಆಳ್ವಿಕೆಗೆ ಒಳಪಟ್ಟಿದ್ದವು. ಶಿವಪ್ಪನಾಯಕನು (1645-1660) ಬಗೆಬಗೆಯ ಭೂಮಿಗಳನ್ನು 12 ವರ್ಷಗಳ ಕಾಲ ಸ್ವಂತ ವೆಚ್ಚದಿಂದ ಸಾಗುಮಾಡಿಸಿ, ಬಿತ್ತನೆ, ಖರ್ಚು, ಹುಟ್ಟುವಳಿಗಳನ್ನು ಬರೆಯಿಸಿ, ಅನಂತರವೇ ಕಂದಾಯವನ್ನು ಗೊತ್ತುಮಾಡಿದನೆಂದು ಪ್ರತೀತಿಯಿದೆ. ಅವನ ‘ಶಿಸ್ತು’ ಎಂಬ ವ್ಯವಸ್ಥೆಗೆ ಲೆಕ್ಕಿಗನ ಬಳಪವೇ ಆಧಾರವಾಗಿತ್ತು.

ಆ ಬಳಪವು ಓಡುತ್ತಿದ್ದುದು ಕಡತದ ಮೇಲೆ. ಹತ್ತಿಬಟ್ಟೆಗೆ ಸರಿ ಮತ್ತು ಇದ್ದಿಲಪುಡಿಯನ್ನು ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿದ ಪುಸ್ತಕವೇ ಕಡತ. 1810ರಲ್ಲಿ ಮಾರ್ಕ್ ವಿಲ್ಕ್ಸನು ಇದನ್ನು ವರ್ಣಿಸಿದ್ದಾನೆ. ಮುಂದೆ ಕಾಗದದ ಕಿರ್ದಿ, ಖಾತೆಗಳು ಬಳಕೆಗೆ ಬಂದವು. ಇವುಗಳಲ್ಲಿ ಪದೇಪದೇ ಕಾಣುವ ‘ಜಮೆ’ ಎಂಬ ಮಾತನ್ನು ನಮ್ಮ ವಿದ್ಯಾರ್ಥಿಗಳು ‘ಆದಾಯ’ವೆಂದು ಓದಿಬಿಡುವುದುಂಟು. ಈ ಒಂದು ತಪ್ಪಿನಿಂದ ಸಾಲಗಾರನು ಧನಿಕನಾಗಿ ತೋರುವನು.

ನಿದರ್ಶನಕ್ಕಾಗಿ ಅಂಜನಾಪುರದಲ್ಲಿ ಒಬ್ಬ ಭತ್ತದ ವರ್ತಕನನ್ನು ಕಲ್ಪಿಸಿಕೊಳ್ಳೋಣ. ಅವನು ಸಾಹುಕಾರನಿಂದ 100 ರೂಪಾಯಿ ಸಾಲ ತಂದು, 60 ರೂಪಾಯಿಗೆ ಭತ್ತ ಕೊಳ್ಳುತ್ತಾನೆ. ಕಿರ್ದಿಯಲ್ಲಿ ಸಾಹುಕಾರನ ಹೆಸರಿಗೆ ಜಮೆ 100, ಭತ್ತದ ಬಾಬ್ತು ಖರ್ಚು 60, ಶಿಲ್ಕು 40. ಇದನ್ನು ನೋಡಿದವರು 40 ರೂಪಾಯಿ ಲಾಭವೆನ್ನಬಹುದು. ವಾಸ್ತವವಾಗಿ ಅವನಲ್ಲಿರುವುದು 40 ರೂಪಾಯಿ ನಗದು, 60 ರೂಪಾಯಿಯ ಭತ್ತ. ತೀರಿಸಬೇಕಾದ ಸಾಲ 100. ಲಾಭವು ಸೊನ್ನೆ.

ಜೋಡಿ ನಮೂದಿನ ಪದ್ಧತಿಯ ಸೂತ್ರಗಳನ್ನು ಬಲ್ಲವರಿಗೆ ಇದು ತೊಡಕಲ್ಲ. ಪಡೆದವನ ಖಾತೆಗೆ ಖರ್ಚು, ಕೊಟ್ಟವನ ಖಾತೆಗೆ ಜಮೆ. ಒಳಬಂದ ವಸ್ತುವಿಗೆ ಖರ್ಚು, ಹೊರಹೋದುದಕ್ಕೆ ಜಮೆ. ವೆಚ್ಚನಷ್ಟಗಳಿಗೆ ಖರ್ಚು, ಆದಾಯಲಾಭಗಳಿಗೆ ಜಮೆ. ಆದಾಯವು ಜಮೆಯ ಒಂದು ಬಗೆಯೇ ಹೊರತು ಜಮೆಯೆಲ್ಲವೂ ಆದಾಯವಲ್ಲ.

ಇಲ್ಲಿ ಮತ್ತೊಂದು ಸಂದೇಹವೇಳುತ್ತದೆ. ಇಂಗ್ಲಿಷ್ ಮಾದರಿಯ ನಗದು ಪುಸ್ತಕದಲ್ಲಿ ಬಂದ ಹಣವು ಎಡಬದಿಯ ಡೆಬಿಟ್. ದೇಶೀಯ ಪದ್ಧತಿಯಲ್ಲಿ ಅದೇ ಎಡಬದಿಯು ಜಮೆ, ಎಂದರೆ ಕ್ರೆಡಿಟ್. ಇವು ಪರಸ್ಪರ ವಿರುದ್ಧವೇ? ಅಲ್ಲವೆಂದೇ ನಮ್ಮ ಅಭಿಪ್ರಾಯ. ಮೊದಲನೆಯದು ಹಣವನ್ನು ಪಡೆದ ಪೆಟ್ಟಿಗೆಯ ಪಕ್ಷದಿಂದ ನುಡಿಯುತ್ತದೆ. ಎರಡನೆಯದು ಕೊಟ್ಟವನ ಹೆಸರು ಹಿಡಿದು ನುಡಿಯುತ್ತದೆ. ವ್ಯವಹಾರವೊಂದೇ, ಅದರ ಮುಖಗಳು ಎರಡು.

ಈ ಎರಡು ಮುಖಗಳನ್ನೂ ಬರೆಯುವ ವೆನಿಸ್ ವರ್ತಕರ ಕ್ರಮವನ್ನು ಲೂಕ ಪಾಚೋಲಿಯು 1494ರಲ್ಲಿ ಅಚ್ಚಾದ ತನ್ನ ಗಣಿತಗ್ರಂಥದಲ್ಲಿ ವಿವರಿಸಿದನು. ಅವನು ಅದನ್ನು ಸೃಷ್ಟಿಸಿದವನಲ್ಲ, ರೂಢಿಯಲ್ಲಿದ್ದುದನ್ನು ನಿರೂಪಿಸಿದವನು. ಅಂತೆಯೇ ನಮ್ಮ ಶಾನುಭೋಗರೂ ವರ್ತಕರೂ ಗ್ರಂಥದಿಂದಲ್ಲ, ಹಿರಿಯರ ಮಗ್ಗುಲಲ್ಲಿ ಕುಳಿತು ಲೆಕ್ಕ ಕಲಿತರು. ಹಾಗೆಂದು ನಮ್ಮ ಹಳೆಯ ಲೆಕ್ಕಗಳೆಲ್ಲವೂ ಜೋಡಿ ನಮೂದಿನವೆಂದು ಸಾಧಿಸಹೊರಡುವುದು ಯುಕ್ತವಲ್ಲ. ಗ್ರಾಮದ ಲೆಕ್ಕವು ಬಹುಮಟ್ಟಿಗೆ ಬಂದುದು, ಹೋದುದು, ಉಳಿದುದು ಇಷ್ಟನ್ನೇ ಹೇಳುವುದು.

ಆದುದರಿಂದ ಹಳೆಯ ಕಿರ್ದಿಯನ್ನು ತೆರೆದ ವಿದ್ಯಾರ್ಥಿಯು ಮೊತ್ತ ಕೂಡುವ ಮುನ್ನ ಮೂರನ್ನು ವಿಚಾರಿಸಲಿ: ಇದು ಯಾರ ಪುಸ್ತಕ? ಜಮೆಯು ಯಾರ ಹೆಸರಿಗೆ? ಆ ಹೆಸರಿನ ಖಾತೆ ಕೊನೆಗೆ ತೀರಿತೆ, ಬಾಕಿ ನಿಂತಿತೆ? ಇವಕ್ಕೆ ಉತ್ತರ ದೊರೆಯುವವರೆಗೆ ಒಂದು ಊರನ್ನು ಸಂಪನ್ನವೆಂದಾಗಲಿ ದರಿದ್ರವೆಂದಾಗಲಿ ಬರೆಯುವ ಅಧಿಕಾರ ನಮಗಿಲ್ಲ.